ಚುಕ್ಕಿ ಇಡದ ಕಂಪೌಂಡರ್

ಅವರು ತೀರಿಕೊಂಡ ಸುದ್ದಿ ನನಗೆ ತಿಳಿದದ್ದು ದಫನವಾಗಿ ಮೂರು ದಿನ ಕಳೆದ ಮೇಲೆ. ಬಂಟ್ವಾಳದ ಕ್ಲಿನಿಕ್ಕಿನಲ್ಲಿ ನನ್ನ ಜೊತೆ ಕೆಲಸ ಮಾಡಿದ್ದ ನರ್ಸ್ ಫೋನ್ ಮಾಡಿ, "ನಮ್ಮ ಕಂಪೌಂಡರ್ ಸಾಹೇಬ್ರು ಹೋದ್ರಂತೆ ಮಾರಾಯ್ತಿ. ಕನ್ಯಾನದಲ್ಲಿ, ತಂಗಿಯ ಮನೆಯಲ್ಲಿ" ಎಂದಳು. ನಾನು ಆಗ ಮೂಡುಬಿದಿರೆಯ ಆಸ್ಪತ್ರೆಯ ಔಷಧಿ ಕಿಟಕಿಯ ಹಿಂದೆ ನಿಂತಿದ್ದೆ. ಕೈಯಲ್ಲಿ ಯಾರದೋ ಚೀಟಿ ಇತ್ತು. ಅದರಲ್ಲಿ 0.25 ಎಂದು ಅಚ್ಚಾಗಿತ್ತು. ಫೋನ್ ಇಟ್ಟ ಮೇಲೆ ಅದನ್ನು ಮೂರು ಸಲ ಓದಿದೆ, ನಾಲ್ಕನೇ ಸಲ ಬೆರಳಿಟ್ಟು ಓದಿದೆ. ಇದು ಅವರು ಕಲಿಸಿದ ಅಭ್ಯಾಸ. ಅಭ್ಯಾಸ ಎನ್ನುವುದಕ್ಕಿಂತ ಅವರು ನನಗೆ ಹಚ್ಚಿಹೋದ ಹೆದರಿಕೆ ಎಂದರೆ ಸರಿ.

ಅವರು ಚುಕ್ಕಿ ಇಡುತ್ತಿರಲಿಲ್ಲ. ಮದ್ದಿನ ಲೇಬಲ್ಲಿನಲ್ಲಿ ಮಾತ್ರವಲ್ಲ, ಎಲ್ಲಿಯೂ. ತಮ್ಮ ಹೆಸರಿನ ಇನಿಶಿಯಲ್ ಮುಂದೆ ಕೂಡ ಚುಕ್ಕಿ ಇರುತ್ತಿರಲಿಲ್ಲ. ನಾನು ಡಿಪ್ಲೊಮಾ ಮುಗಿಸಿ ಆ ಕ್ಲಿನಿಕ್ಕಿಗೆ ಸೇರಿದ ಮೊದಲ ವಾರ, 0.5 ಎಂದು ಬರೆದ ಒಂದು ಲೇಬಲನ್ನು ಅವರು ಬಾಟಲಿಯಿಂದ ಉಗುರಿನಲ್ಲಿ ಕೆರೆದು ತೆಗೆದರು. ಬೇರೆ ಲೇಬಲ್ ಅಂಟಿಸಿ, ತೆಳುವಾದ ನಿಬ್ಬಿನಲ್ಲಿ ½ ಎಂದು ಬರೆದರು.

"ಚುಕ್ಕಿ ಅಂದ್ರೆ ನೊಣ ಇದ್ದ ಹಾಗೆ ಮಗಳೇ. ಬೇಡದ ಕಡೆ ಬಂದು ಕೂರ್ತದೆ, ಬೇಕಾದ ಕಡೆಯಿಂದ ಹಾರಿ ಹೋಗ್ತದೆ" ಎಂದರು.

ನಾನು ನಕ್ಕೆ. ಅವರು ನಗಲಿಲ್ಲ. ಗೋಡೆಯಲ್ಲಿದ್ದ ಕ್ಯಾಲೆಂಡರಿನ ಹತ್ತಿರ ಕರೆದುಕೊಂಡು ಹೋಗಿ, ಹದಿನೈದನೇ ತಾರೀಕಿನ ಒಂದಕ್ಕೂ ಐದಕ್ಕೂ ನಡುವೆ ನೊಣವೊಂದು ಇಟ್ಟುಹೋದ ಕಪ್ಪು ಚುಕ್ಕಿಯನ್ನು ತೋರಿಸಿದರು. "ನೋಡು, ಈಗ ಇವತ್ತು ತಾರೀಕು ಒಂದೂವರೆ" ಎಂದರು.

ಬಂಟ್ವಾಳ ಪೇಟೆಯ ಹಳೆಯ ಓಣಿಯಲ್ಲಿ ಆ ಕ್ಲಿನಿಕ್ ಇತ್ತು. ಈಗಿನ ಡಾಕ್ಟರ ತಂದೆಯ ಕಾಲದಿಂದಲೂ ಮದ್ದಿನ ಕಿಟಕಿ ಸಾಹೇಬರದ್ದೇ. ಸಪೂರ ಮನುಷ್ಯ, ಇಸ್ತ್ರಿ ಮಾಡಿದ ಬಿಳಿ ಅರ್ಧತೋಳಿನ ಅಂಗಿ, ಮೂಗಿನ ತುದಿಗೆ ಜಾರಿದ ಕನ್ನಡಕ. ಕಲಿತದ್ದು ಕಾಲೇಜಿನಲ್ಲಲ್ಲ; ಹದಿನೆಂಟನೇ ವಯಸ್ಸಿನಲ್ಲಿ ಬೆಳ್ತಂಗಡಿಯ ಒಬ್ಬ ವೈದ್ಯರ ಹತ್ತಿರ ಸೇರಿ, ಔನ್ಸು, ಡ್ರಾಮು, ಗ್ರೇನು ಎಂಬ ಅಳತೆಗಳನ್ನು ಬಾಯಿಪಾಠ ಮಾಡಿ ಕಲಿತದ್ದು. ಆಮೇಲೆ ಕೆಲವು ವರ್ಷ ಮೂಡುಬಿದಿರೆಯಲ್ಲಿದ್ದು ಬಂಟ್ವಾಳಕ್ಕೆ ಬಂದವರು. ನಾನು ಸೇರುವ ಹೊತ್ತಿಗೆ ಮಿಕ್ಸ್ಚರ್ ಬೆರೆಸಿ ಕೊಡುವ ಕಾಲ ಮುಗಿದಿತ್ತು, ಆದರೂ ಒಂದು ಮಧ್ಯಾಹ್ನ ರೋಗಿಗಳಿಲ್ಲದಾಗ ಹಳೆಯ ವಿದ್ಯೆಯನ್ನು ನನಗೆ ತೋರಿಸಿದರು. ಕಾಗದದ ಉದ್ದನೆಯ ಪಟ್ಟಿಯನ್ನು ಬಾಟಲಿಯ ಎತ್ತರಕ್ಕೆ ಕತ್ತರಿಸಿ, ಮಡಚಿ, ಮತ್ತೆ ಮಡಚಿ, ಮತ್ತೊಮ್ಮೆ ಮಡಚಿ, ಅಂಚಿನಲ್ಲಿ ಕತ್ತರಿಯಿಂದ ಸಣ್ಣ ಕಚ್ಚು ಹಾಕಿ ಬಿಡಿಸಿದರೆ ಸಮನಾದ ಎಂಟು ಪಾಲು. ಅದನ್ನು ಬಾಟಲಿಗೆ ಅಂಟಿಸಿ ಕೊಡುವುದು. ಒಂದು ಹೊತ್ತಿಗೆ ಒಂದು ಕಚ್ಚಿನಷ್ಟು ಮದ್ದು.

"ಕಾಗದ ಮಡಚಿದ್ರೆ ಅರ್ಧ ಆಗ್ತದೆ, ಕಾಲು ಆಗ್ತದೆ, ಅರೆಕಾಲು ಆಗ್ತದೆ. ಸೊನ್ನೆ ಬಿಂದು ಒಂದು ಎರಡು ಐದು ಮಾಡಿ ತೋರಿಸು ನೋಡುವ" ಎಂದರು.

"ಅರೆಕಾಲು ಅಂದ್ರೂ ಅದೇ ಅಲ್ವಾ ಸಾಹೇಬ್ರೇ?"

"ನಿನಗೆ ಅದೇ. ಕೈಗೆ ಅದೇ ಅಲ್ಲ."

ನಮ್ಮ ವಾದ ಶುರುವಾದದ್ದು ಹಾಗೆ, ಮತ್ತೆ ಐದಾರು ವರ್ಷ ನಿಲ್ಲಲಿಲ್ಲ. ಅವರ ಬಳಿ ಉದಾಹರಣೆಗಳಿಗೆ ಬರವಿರಲಿಲ್ಲ. ಜ್ವರ ನೂರಮೂರು ಎಂದರೆ ಎಂಥ ತಾಯಿಯೂ ಮಗುವನ್ನು ಎತ್ತಿಕೊಂಡು ಓಡಿ ಬರುತ್ತಾಳೆ. ಸೆಲ್ಸಿಯಸ್ಸಿನಲ್ಲಿ ಮೂವತ್ತೊಂಬತ್ತೂವರೆ ಎಂದರೆ ಯಾರು ಓಡುತ್ತಾರೆ? ಜಾಗ ಕೊಳ್ಳುವವನು ಸೆಂಟ್ಸ್ ಕೇಳುತ್ತಾನೆ, ಮದುವೆ ಮನೆಯವರು ಚಿನ್ನಕ್ಕೆ ಪವನು ಕೇಳುತ್ತಾರೆ, ನೇತ್ರಾವತಿ ಏರಿದರೆ ಪೇಟೆಯವರು ಎಷ್ಟು ಅಡಿ ಎಂದೇ ಕೇಳುತ್ತಾರೆ. "ಹೆದರಿಕೆ ಇರುವುದು ಹಳೆಯ ಅಳತೆಯಲ್ಲಿ. ಹೊಸ ಅಳತೆಯಲ್ಲಿ ಲೆಕ್ಕ ಮಾತ್ರ ಉಂಟು, ಹೆದರಿಕೆ ಇಲ್ಲ. ಹೆದರಿಕೆ ಇಲ್ಲದೆ ಮದ್ದು ಕೊಡಬಾರದು" ಎನ್ನುತ್ತಿದ್ದರು.

ನಾನೂ ಬಿಡುತ್ತಿರಲಿಲ್ಲ. ಅರ್ಧ ಚಮಚ ಎಂದು ಬರೆಯುತ್ತೀರಲ್ಲ, ಯಾರ ಮನೆಯ ಚಮಚ ಎಂದು ಕೇಳಿದೆ. ಒಂದು ದಿನ ಕ್ಲಿನಿಕ್ಕಿನ ಎಲ್ಲರಿಗೂ ಅವರವರ ಮನೆಯಿಂದ ಚಮಚ ತರಲು ಹೇಳಿ, ನೀರು ತುಂಬಿಸಿ ಸಿರಿಂಜಿನಲ್ಲಿ ಅಳೆದೆ. ನರ್ಸಿನ ಮನೆಯ ಚಮಚ ಮೂರು ಮಿಲಿಲೀಟರು ಹಿಡಿಯಿತು, ಡಾಕ್ಟರ ಮನೆಯದ್ದು ಏಳು. ಸಾಹೇಬರು ಕೈಕಟ್ಟಿ ನೋಡುತ್ತ ನಿಂತಿದ್ದರು. ಮರುದಿನ ಬೆಳಿಗ್ಗೆ ತಮ್ಮ ಹೆಂಡತಿಯ ಅಡುಗೆಮನೆಯ ನಾಲ್ಕು ಚಮಚಗಳನ್ನು ಕರ್ಚೀಫಿನಲ್ಲಿ ಸುತ್ತಿ ತಂದು ಮೇಜಿನ ಮೇಲೆ ಇಟ್ಟರು. "ಇದನ್ನೂ ಅಳೆ." ನಾಲ್ಕೂ ನಾಲ್ಕು ತರ ಇದ್ದವು. ಅಂದಿನಿಂದ ಪ್ರತಿ ಬಾಟಲಿಯ ಜೊತೆ ಐದು ಮಿಲಿಲೀಟರು ಅಳತೆಯ ಪ್ಲಾಸ್ಟಿಕ್ ಚಮಚ ಕೊಡುವುದು ಶುರುಮಾಡಿದರು. ತಪ್ಪು ಕಂಡರೆ ಒಪ್ಪುವ ಮನುಷ್ಯ. ಆದರೆ ಲೇಬಲ್ಲಿನ ಮೇಲೆ ಬರೆಯುವುದು ಮಾತ್ರ ½ ಎಂದೇ.

"ಎರಡೂವರೆ ಮಿಲಿಲೀಟರು ಅಂತ ಬರೀರಿ. ಎರಡು ಚುಕ್ಕಿ ಐದು. ಚುಕ್ಕಿ ಅಳಿಸಿ ಹೋದ್ರೂ ಇಪ್ಪತ್ತೈದು ಆಗ್ತದೆ, ಅಷ್ಟು ಆ ಚಮಚದಲ್ಲಿ ಹಿಡಿಯುವುದೇ ಇಲ್ಲ. ತಾಯಿಗೆ ಸಂಶಯ ಬಂದು ಕೇಳ್ತಾಳೆ" ಎಂದು ನಾನು ಹೇಳಿದ್ದುಂಟು.

ಅವರು ಕನ್ನಡಕದ ಮೇಲಿನಿಂದ ನೋಡಿದರು. "ಕೇಳುದಿಲ್ಲ. ಐದು ಸಲ ತುಂಬಿಸಿ ಕುಡಿಸ್ತಾಳೆ" ಎಂದರು.

ಚುಕ್ಕಿಯ ಈ ಹೆದರಿಕೆ ಎಲ್ಲಿಂದ ಬಂತು ಎನ್ನುವುದು ತಿಳಿದದ್ದು ಒಂದು ಜುಲೈ ತಿಂಗಳಲ್ಲಿ. ಕೆಳಗಿನ ಪೇಟೆಗೆ ನೀರು ಬಂದು ಬಸ್ಸು ನಿಂತಿತ್ತು. ಕ್ಲಿನಿಕ್ಕಿನಲ್ಲಿ ನಾವಿಬ್ಬರೇ ಇದ್ದೆವು. ನಾನು ಕೇಳದೆಯೇ ಹೇಳಿದರು. ಬೆಳ್ತಂಗಡಿಯಲ್ಲಿದ್ದಾಗ, ಕೆಲಸಕ್ಕೆ ಸೇರಿದ ಎರಡನೇ ವರ್ಷ. ಸೆಳೆತ ಬರುತ್ತಿದ್ದ ಒಂದು ಕೂಸಿಗೆ ಡಾಕ್ಟರು ಮನೆಗೇ ಹೋಗಿ ನೋಡಿ ಮದ್ದು ಬರೆದಿದ್ದರು. ಅರ್ಧಕ್ಕೆ .5 ಎಂದು, ಮುಂದೆ ಸೊನ್ನೆ ಇಲ್ಲದೆ. ಚೀಟಿಯನ್ನು ತಂದೆ ನಾಲ್ಕು ಮಡಿಕೆ ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದಿದ್ದ. ಮಡಿಕೆ ಸರಿಯಾಗಿ ಆ ಚುಕ್ಕಿಯ ಮೇಲೆಯೇ ಬಿದ್ದಿತ್ತು, ಬೆವರಿಗೆ ಶಾಯಿ ಹೋಗಿತ್ತು. ಇವರು ಐದು ಎಂದು ಓದಿದರು. ಐದೇ ಕೊಟ್ಟರು.

"ಮತ್ತೆ?"

"ಎರಡು ದಿನ ಕಣ್ಣು ಬಿಡ್ಲಿಲ್ಲ. ಡಾಕ್ಟ್ರು ಪಕ್ಕದಲ್ಲೇ ಕೂತಿದ್ರು. ನಾನು ಹೊರಗೆ ಮೆಟ್ಟಿಲಿನಲ್ಲಿ ಕೂತು, ಒಳಗಿಂದ ಅಳುವ ಶಬ್ದ ಬರ್ತದಾ ಅಂತ ಕಾಯ್ತಾ ಇದ್ದೆ. ಯಾರು ಅಳುವುದು ಅಂತ ಗೊತ್ತಿಲ್ಲ, ಕೂಸಾ, ತಾಯಿಯಾ. ಮೂರನೇ ದಿನ ಕೂಸೇ ಅತ್ತಿತು."

ಅಷ್ಟು ಹೇಳಿ ಎದ್ದು ಕಿಟಕಿಯ ಬಾಗಿಲು ಹಾಕಿದರು. ನಾನು ಆಮೇಲೆ ಕೆಲವು ತಿಂಗಳು ವಾದ ಮಾಡಲಿಲ್ಲ.

ಮುಂದಿನ ವರ್ಷದ ಬೇಸಿಗೆಯಲ್ಲಿ ಆಗಬಾರದ್ದು ಆಯಿತು. ಬೆಳ್ತಂಗಡಿ ದಾರಿಯ ಒಂದು ಹಳ್ಳಿಯಿಂದ, ಜ್ವರ ಬಂದಾಗಲೆಲ್ಲ ಸೆಳೆತ ಬರುತ್ತಿದ್ದ ಒಂದೂವರೆ ವರ್ಷದ ಗಂಡು ಮಗುವನ್ನು ಕರೆತಂದಿದ್ದರು. ಡಾಕ್ಟರು ಸೆಳೆತಕ್ಕೆ ಸಿರಪ್ ಬರೆದರು, ಅರ್ಧ ಚಮಚ, ದಿನಕ್ಕೆ ಎರಡು ಹೊತ್ತು. ತಾಯಿ ಮಗುವನ್ನು ಹಿಡಿದು ರಿಕ್ಷಾದಲ್ಲಿ ಕುಳಿತಿದ್ದಳು. ಕಿಟಕಿಗೆ ಬಂದವನು ಅವಳ ತಮ್ಮ. ಸಾಹೇಬರು ಲೇಬಲ್ ಬರೆದು, ಅಳತೆಯ ಚಮಚ ಕೊಟ್ಟು, ತುಳುವಿನಲ್ಲಿ ಎರಡು ಸಲ ಹೇಳಿದರು: ಅರ್ಧ ಚಮಚ, ಬೆಳಿಗ್ಗೆ ಅರ್ಧ, ರಾತ್ರಿ ಅರ್ಧ. ಅವನು ತಲೆಯಾಡಿಸಿದ. ನಾನು ಪಕ್ಕದಲ್ಲೇ ನಿಂತಿದ್ದೆ, ಎಲ್ಲ ಕೇಳಿಸಿಕೊಂಡಿದ್ದೆ.

ಆ ಹುಡುಗ ಅಕ್ಕನನ್ನು ಮನೆಗೆ ಬಿಟ್ಟು ಬಾಟಲಿ ಕೈಗಿತ್ತು, ಎಷ್ಟು ಎಂದು ಹೇಳದೆ ತನ್ನ ಕೆಲಸಕ್ಕೆ ಹೋದ. ಅಕ್ಕ ಲೇಬಲ್ ಓದಿದಳು. ಹತ್ತನೇ ಕ್ಲಾಸು ಪಾಸಾದವಳು. ಸಾಹೇಬರ ಸಣ್ಣ ಅಕ್ಷರದಲ್ಲಿ ಒಂದು, ಒಂದು ಓರೆ ಗೀಟು, ಎರಡು. ಈಗಿನವರು ಫೋನಿನಲ್ಲಿ ಬರೆಯುವಾಗ ಒಂದೋ ಎರಡೋ ಎನ್ನುವುದಕ್ಕೆ ಹಾಗೆಯೇ ಗೀಟು ಹಾಕುತ್ತಾರೆ. ಅವಳು ಹಾಗೆಯೇ ತಿಳಿದುಕೊಂಡಳು. ಮೊದಲು ಒಂದು ಚಮಚ ಕೊಟ್ಟಳು. ಮಗುವಿನ ಮೈ ಇನ್ನೂ ಸುಡುತ್ತಿದ್ದದ್ದರಿಂದ ಮುಂದಿನ ಹೊತ್ತಿಗೆ ಎರಡು. ಮರುದಿನ ಎರಡು, ಮತ್ತೆ ಎರಡು. ಮೂರನೇ ದಿನ ಬೆಳಿಗ್ಗೆ ಎಬ್ಬಿಸಿದರೆ ಮಗು ಏಳಲಿಲ್ಲ.

ನಮ್ಮಲ್ಲಿಗೆ ತಂದಾಗ ಅದರ ಕೈಕಾಲು ನೆನೆದ ಬಟ್ಟೆಯ ಹಾಗೆ ಜೋತುಬಿದ್ದಿತ್ತು. ಉಸಿರು ಬರುತ್ತಿತ್ತು, ಆದರೆ ಒಂದಕ್ಕೂ ಇನ್ನೊಂದಕ್ಕೂ ನಡುವೆ ನಾವು ನಮ್ಮ ಉಸಿರು ಹಿಡಿದು ಕಾಯಬೇಕಾಗಿತ್ತು. ಡಾಕ್ಟರು ಮಂಗಳೂರಿಗೆ ಕಳಿಸಿದರು. ಹೋಗುವಾಗ ತಾಯಿ ಬಾಟಲಿಯನ್ನು ಕಿಟಕಿಯ ಮೇಲೆ ಇಟ್ಟು, "ಬರೆದಷ್ಟೇ ಕೊಟ್ಟದ್ದು ಸಾಹೇಬ್ರೇ. ಒಂದೋ ಎರಡೋ ಅಂತ ಬರೆದಿದ್ರಲ್ಲ" ಎಂದಳು.

ಸಾಹೇಬರು ಬಾಟಲಿಯನ್ನು ಎತ್ತಿ ಬೆಳಕಿಗೆ ಹಿಡಿದರು. ತಮ್ಮದೇ ಅಕ್ಷರವನ್ನು ಬೇರೆಯವರ ಅಕ್ಷರದ ಹಾಗೆ ಓದಿದರು. ಆಮೇಲೆ ನನ್ನ ಕಡೆ ತಿರುಗಿ, "ಹೌದಲ್ಲ. ಹಾಗೂ ಓದಬಹುದು" ಎಂದರು.

ಮಗು ಬದುಕಿತು. ಒಂದು ವಾರ ಕಳೆದು ತಾಯಿಯೇ ತಂದು ತೋರಿಸಿದಳು, ಜಗಳ ಮಾಡಲಿಲ್ಲ. ಡಾಕ್ಟರು ಕೂಡ ಗಟ್ಟಿಯಾಗಿ ಒಂದು ಮಾತು ಆಡಲಿಲ್ಲ. ಇನ್ನು ಮುಂದೆ ಎಲ್ಲ ಲೇಬಲ್ ಕಂಪ್ಯೂಟರಿನಲ್ಲೇ ಬರಬೇಕು, ಮಿಲಿಲೀಟರಿನಲ್ಲೇ ಇರಬೇಕು ಎಂದರು, ಅಷ್ಟೆ. ವಾದದಲ್ಲಿ ನಾನು ಗೆದ್ದಿದ್ದೆ. ಮೊದಲ ಸಲ 2.5 ಎಂದು ಅಚ್ಚಾಗಿ ಬಂದ ಲೇಬಲನ್ನು ಹರಿದು ತೆಗೆಯುವಾಗ ಆ ಚುಕ್ಕಿ ನನಗೆ ಎಷ್ಟು ಸಣ್ಣದಾಗಿ ಕಂಡಿತೆಂದರೆ, ಬಾಟಲಿ ಕೊಡುವ ಮೊದಲು ಅದರ ಮೇಲೆ ಪೆನ್ನಿನಿಂದ ಇನ್ನೊಂದು ಸಲ ಒತ್ತಿದೆ.

ಸಾಹೇಬರು ಕಿಟಕಿಯಲ್ಲಿ ಕೂರುತ್ತಿದ್ದರು, ಮಾತ್ರೆ ಎಣಿಸಿ ಕೊಡುತ್ತಿದ್ದರು. ಬರೆಯುವುದನ್ನು ನಿಲ್ಲಿಸಿದರು. ಒಂದು ದಿನ ಊಟದ ಡಬ್ಬಿ ಮುಚ್ಚಿಯೇ ಇಟ್ಟುಕೊಂಡು ಕುಳಿತವರು, "ನಲವತ್ತು ವರ್ಷ ಹಾಗೆ ಬರೆದಿದ್ದೇನೆ ಮಗಳೇ" ಎಂದರು.

"ಎಲ್ರೂ ಅರ್ಧ ಅಂತಲೇ ಓದಿರ್ತಾರೆ ಸಾಹೇಬ್ರೇ."

"ಓದಿರ್ತಾರೆ ಅಂತ ನಾನು ಎಣಿಸಿದ್ದು. ಯಾರ ಹತ್ರವೂ ಕೇಳ್ಲಿಲ್ಲ."

ಕೇಳಲು ಹೊರಟರು. ಆ ಸೆಳೆತದ ಮದ್ದನ್ನು ½ ಎಂದು ಬರೆದು ಕೊಟ್ಟ ಮನೆಗಳಲ್ಲಿ ಅವರಿಗೆ ನೆನಪಿದ್ದದ್ದು ಹತ್ತೋ ಹನ್ನೆರಡೋ. ಹೆಂಗಸರು ಹೆಂಗಸರ ಹತ್ತಿರ ಹೇಳುತ್ತಾರೆಂದು ನನ್ನನ್ನೂ ಕರೆದರು. ಬೇಡವೆಂದು ಹೇಳಲು ನನಗೆ ಆಗಲಿಲ್ಲ. ಕ್ಲಿನಿಕ್ಕಿಗೆ ರಜೆ ಇದ್ದ ಆದಿತ್ಯವಾರಗಳಲ್ಲಿ ಬಸ್ಸು ಹಿಡಿದು ಹೋಗುತ್ತಿದ್ದೆವು.

ಬಂಟ್ವಾಳದ ಹತ್ತಿರದ ಒಂದು ಮನೆಯಲ್ಲಿ, ಒಂದು ಕಾಲದಲ್ಲಿ ಆ ಮದ್ದು ಕುಡಿದ ಮಗು ಈಗ ಮೀಸೆ ಬಂದ ಗಂಡಸು. ನಮ್ಮ ಪ್ರಶ್ನೆ ಕೇಳಿ ನಕ್ಕ. "ಅಮ್ಮನಿಗೆ ಓದ್ಲಿಕ್ಕೆ ಎಲ್ಲಿ ಬರ್ತದೆ? ನೀವು ಬಾಯಲ್ಲಿ ಹೇಳಿದ್ದನ್ನೇ ಕೊಟ್ಟದ್ದು" ಎಂದ. ಸಾಹೇಬರ ಮುಖ ಸ್ವಲ್ಪ ತಿಳಿಯಾಯಿತು. ಮುಂದಿನ ಎರಡು ಮನೆಗಳಲ್ಲೂ ಅರ್ಧ ಎಂದೇ ಹೇಳಿದರು. ಬೆಳ್ತಂಗಡಿಯಲ್ಲಿ ಒಬ್ಬ ಟೀಚರ ಹೆಂಡತಿ ಮಾತ್ರ ಕಾಫಿ ಕೊಡುತ್ತ, ಬಹಳ ಸಂತೋಷದಿಂದ, "ಅದು ಒಳ್ಳೆ ಮದ್ದು ಸಾಹೇಬ್ರೇ. ಮಗಳು ಹಟ ಮಾಡಿದ ದಿನ ಎರಡು ಚಮಚ ಕೊಡ್ತಿದ್ದೆ. ಎರಡರವರೆಗೆ ಕೊಡಬಹುದು ಅಂತ ಬರೆದಿತ್ತಲ್ಲ. ಒಳ್ಳೆ ನಿದ್ದೆ ಮಾಡ್ತಿದ್ದಳು" ಎಂದರು. ಆ ಮಗಳು ಈಗ ಗಂಡನ ಜೊತೆ ದುಬೈಯಲ್ಲಿದ್ದಾಳೆ, ಚೆನ್ನಾಗಿದ್ದಾಳೆ. ಸಾಹೇಬರು ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದರು. ಬಸ್ ನಿಲ್ದಾಣದವರೆಗೆ ನಡೆದದ್ದು ಅವರಿಗೆ ಗೊತ್ತಾಗಲಿಲ್ಲ, ನಾನು ಕೈ ಹಿಡಿದು ರಸ್ತೆ ದಾಟಿಸಿದೆ.

"ಇಲ್ಲಿಗೆ ಸಾಕು" ಎಂದೆ.

"ಬೆಳುವಾಯಿಯಲ್ಲಿ ಒಂದು ಮನೆ ಉಂಟು" ಎಂದರು.

ಬೆಳುವಾಯಿಯ ಮನೆಯ ಬಗ್ಗೆ ಅವರು ನನಗೆ ಮೊದಲೇ ಪೂರ್ತಿ ಹೇಳಿದ್ದರೆ ನಾನು ಹೋಗುತ್ತಿರಲಿಲ್ಲ, ಅವರನ್ನೂ ಬಿಡುತ್ತಿರಲಿಲ್ಲ. ಗದ್ದೆಯ ಬದಿಯಲ್ಲಿ ಹಂಚಿನ ಸಣ್ಣ ಮನೆ. ಜಗಲಿಯಲ್ಲಿ ಐವತ್ತರ ಹತ್ತಿರದ ಹೆಂಗಸೊಬ್ಬರು ತೊಡೆಯ ಮೇಲೆ ಗೆರಸೆ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ಸಾಹೇಬರನ್ನು ಕೂಡಲೇ ಗುರುತು ಹಿಡಿದು, ಗೆರಸೆ ಕೆಳಗಿಟ್ಟು, ಬೆಲ್ಲ ನೀರು ತಂದು ಕೊಟ್ಟು, ಮತ್ತೆ ಬೀಡಿ ಕಟ್ಟಲು ಕುಳಿತರು.

"ನಾನು ಮೂಡುಬಿದಿರೆಯಲ್ಲಿ ಮದ್ದು ಕೊಡ್ತಿದ್ದಾಗ ನಿಮ್ಮ ಮಗಳಿಗೆ ಒಂದು ಸಿರಪ್ ಕೊಟ್ಟಿದ್ದೆ. ನೆನಪುಂಟಾ?" ಎಂದು ಸಾಹೇಬರು ಕೇಳಿದರು.

"ಉಂಟು. ಕಂದು ಬಾಟಲಿ. ಹೋಗುವ ಮೊದಲು ನಾಲ್ಕು ದಿನ ಕುಡಿದಿದ್ದಳು."

ಆಗ ನನಗೆ ಅರ್ಥವಾಯಿತು. ಸಾಹೇಬರ ಅಂಗಿಯನ್ನು ಹಿಂದಿನಿಂದ ಹಿಡಿದು ಎಳೆಯಬೇಕೆನ್ನಿಸಿತು. ಆದರೆ ಅವರು ಕೇಳಿಯೇ ಬಿಟ್ಟರು.

"ಅದರ ಮೇಲೆ ಎಷ್ಟು ಅಂತ ಬರೆದಿತ್ತು?"

ಆ ತಾಯಿಯ ಬೆರಳುಗಳು ಎಲೆ ಸುರುಳಿ ಸುತ್ತಿ, ನೂಲು ಕಟ್ಟಿ, ಮುಂದಿನ ಎಲೆಗೆ ಹೋದವು. "ಬರೆದಷ್ಟೇ ಕೊಟ್ಟದ್ದು."

"ಎಷ್ಟು?"

"ಒಂದು ಅಂತ ಇತ್ತು. ಮತ್ತೆ ಒಂದು ಗೀಟು. ಕೆಳಗೆ ಎರಡು." ಅಷ್ಟು ಹೇಳಿದವರು ತಲೆ ಎತ್ತಿದರು. ಬೆರಳುಗಳು ನಿಂತವು. "ಯಾಕೆ ಕೇಳ್ತೀರಿ? ಮಗು ಹೋದದ್ದು ಜ್ವರ ತಲೆಗೆ ಏರಿ ಅಂತ ಡಾಕ್ಟ್ರು ಹೇಳಿದ್ದಲ್ವಾ?"

ಸಾಹೇಬರು ಬಾಯಿ ತೆರೆದರು. ತಾವು ಏನು ಮಾಡಿದ್ದೇವೆಂದು ಅವರಿಗೆ ಆಗ ತಿಳಿಯಿತು. ಲೋಟವನ್ನು ಜಗಲಿಯ ಮೇಲೆ ಇಟ್ಟರು.

"ಜ್ವರವೇ. ಜ್ವರವೇ ಅದು. ನಮ್ಮಲ್ಲಿ ಈಗ ಹೊಸ ಲೇಬಲ್ ಮಾಡ್ತಿದ್ದಾರೆ, ಹಳೆಯದು ಜನರಿಗೆ ಹೇಗಿತ್ತು ಅಂತ ಸುಮ್ಮನೆ ಕೇಳಿದ್ದು" ಎಂದರು.

ನಾವು ಎದ್ದು ಬರುವಾಗಲೂ ಬೀಡಿ ಕಟ್ಟುವುದು ಮತ್ತೆ ಶುರುವಾಗಿರಲಿಲ್ಲ. ಗದ್ದೆಯ ಬದುವಿನಲ್ಲಿ ನಾನು ಒಮ್ಮೆ ತಿರುಗಿ ನೋಡಿದೆ. ಆ ತಾಯಿ ಗೆರಸೆಯ ಮೇಲೆ ಬೆರಳಿನಿಂದ ಏನೋ ಬರೆಯುತ್ತಿದ್ದರು. ಒಂದು ಸಲ ಬರೆದು ಒರೆಸಿ ಮತ್ತೆ ಬರೆದರು.

ಬಸ್ಸಿನಲ್ಲಿ ಸಾಹೇಬರು ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದರು. ಬಂಟ್ವಾಳ ಹತ್ತಿರವಾದ ಮೇಲೆ ಮಾತಾಡಿದರು. "ನನ್ನ ತಲೆಯ ಹೊರೆ ಇಳಿಸ್ಲಿಕ್ಕೆ ಹೋಗಿ ಅವಳ ತಲೆಯ ಮೇಲೆ ಇಟ್ಟು ಬಂದೆ. ಅಲ್ಲಿಂದ ಅದು ಇನ್ನು ಇಳಿಯುದಿಲ್ಲ."

ಆ ತಿಂಗಳ ಕೊನೆಗೆ ಕೆಲಸ ಬಿಟ್ಟರು. ಮೂರು ವರ್ಷ ಕಳೆದು ಹೆಂಡತಿ ತೀರಿಕೊಂಡ ಮೇಲೆ ತಂಗಿಯ ಮನೆಗೆ ಹೋದರು. ನಾನು ಒಮ್ಮೆ ಕನ್ಯಾನಕ್ಕೆ ಹೋಗಿ ನೋಡಿದ್ದೆ. ಸಕ್ಕರೆ ಕಾಯಿಲೆಗೆ ಅವರಿಗೇ ಇನ್ಸುಲಿನ್ ಚುಚ್ಚಬೇಕಾಗಿತ್ತು. ತಂಗಿಯ ಸೊಸೆ ಪ್ರತಿ ಸಲ ಸಿರಿಂಜನ್ನು ಕಣ್ಣಿನ ಹತ್ತಿರ ತಂದು ತೋರಿಸಬೇಕು, ಅವರು ಗೆರೆಗಳನ್ನು ಎಣಿಸಬೇಕು, ಆಮೇಲೆಯೇ ಹೊಟ್ಟೆಯ ಮೇಲಿನ ಅಂಗಿ ಸರಿಸುವುದು. "ಇದರಲ್ಲಿ ಚುಕ್ಕಿಯೂ ಇಲ್ಲ, ಗೀಟಿನ ಕೆಳಗೆ ಎರಡೂ ಇಲ್ಲ. ಆದರೂ ಹೆದರಿಕೆ ಆಗ್ತದೆ" ಎಂದರು. ಬೆಳುವಾಯಿಯ ಹೆಸರನ್ನು ಇಬ್ಬರೂ ಎತ್ತಲಿಲ್ಲ.

ಅವರು ಹೋಗಿ ಎರಡು ತಿಂಗಳಾಗಿರಬಹುದು. ನಮ್ಮ ಆಸ್ಪತ್ರೆಯ ಕಿಟಕಿಯಲ್ಲಿ ರಕ್ತದೊತ್ತಡದ ಮಾತ್ರೆ ತೆಗೆದುಕೊಂಡ ಒಬ್ಬರು ಬದಿಗೆ ಸರಿಯದೆ ಅಲ್ಲೇ ನಿಂತರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಮೊದಲು ನನಗೆ ಗುರುತು ಸಿಗಲಿಲ್ಲ.

"ನೀವು ಆ ಮದ್ದಿನ ಸಾಹೇಬ್ರ ಒಟ್ಟಿಗೆ ನಮ್ಮ ಮನೆಗೆ ಬಂದವರಲ್ವಾ? ಬೆಳುವಾಯಿಗೆ?"

"ಹೌದು ಅಕ್ಕ."

"ಅವರು ಇದ್ದಾರಾ?"

"ಇಲ್ಲ. ತೀರಿಕೊಂಡ್ರು."

ಅವರು ಕಿಟಕಿಗೆ ಕಟ್ಟಿದ್ದ ಪೆನ್ನನ್ನು ತೆಗೆದು, ತಮ್ಮ ಚೀಟಿಯ ಹಿಂಬದಿಯಲ್ಲಿ ಒಂದು ಬರೆದು, ಗೀಟು ಹಾಕಿ, ಕೆಳಗೆ ಎರಡು ಬರೆದು ನನ್ನ ಕಡೆ ತಿರುಗಿಸಿದರು. ಕೈ ಅಭ್ಯಾಸವಾದ ಹಾಗೆ ಬರೆಯಿತು.

"ಇದು ಎಷ್ಟು?"

"ಅರ್ಧ" ಎಂದೆ.

"ನಾನು ಅರ್ಧವೇ ಕೊಟ್ಟಿರ್ತೇನೆ ಅಲ್ವಾ? ಸಾಹೇಬ್ರು ಬಾಯಲ್ಲಿ ಕೂಡ ಹೇಳಿರ್ತಾರೆ."

ನನಗೆ ಗೊತ್ತಿರಲಿಲ್ಲ. ಗೊತ್ತಿದ್ದವರು ಯಾರೂ ಉಳಿದಿರಲಿಲ್ಲ. "ಹೌದು ಅಕ್ಕ. ಅವರು ಎಲ್ಲರಿಗೂ ಬಾಯಲ್ಲಿ ಹೇಳ್ತಿದ್ರು. ನೀವು ಅರ್ಧವೇ ಕೊಟ್ಟದ್ದು" ಎಂದೆ.

"ಅದನ್ನು ಅಕ್ಷರದಲ್ಲಿ ಬರೆದು ಕೊಡಿ."

ಅವರ ಹಿಂದೆ ಸಾಲಿನಲ್ಲಿದ್ದವರು ಇಣುಕಿ ನೋಡುತ್ತಿದ್ದರು. ನಾನು ಆ ಅಂಕಿಯ ಪಕ್ಕದಲ್ಲಿ ದಪ್ಪಗೆ 'ಅರ್ಧ' ಎಂದು ಬರೆದೆ. ಅವರು ಚೀಟಿಯನ್ನು ದೂರ ಹಿಡಿದು, ಒಂದೊಂದೇ ಅಕ್ಷರಕ್ಕೆ ತುಟಿ ಅಲುಗಿಸುತ್ತ ಓದಿದರು.

"ಇದು ನನಗೆ ಓದ್ಲಿಕ್ಕೆ ಬರ್ತದೆ" ಎಂದರು. "ಇದನ್ನು ಆಗಲೇ ಹೀಗೆ ಬರೀಬಹುದಿತ್ತಲ್ಲ."